ಪೇಶಂಟ್‌ಗಿಂತ ಮುಂಚೆ ಫೈಲ್ ಹೋಗಲಿ

(ಲಿವರ್‌ಗೆ ಹರಡಿದ ಕ್ಯಾನ್ಸರ್, ಚಿಕಿತ್ಸೆಯಲ್ಲಿ ಆಗುವ ತಡ ಮತ್ತು ಎರಡನೇ ಅಭಿಪ್ರಾಯದ ಬಗ್ಗೆ ರಾಯಚೂರಿನಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಕ್ಯಾನ್ಸರ್ ತಜ್ಞನಲ್ಲ. ಸಿಂಧನೂರು ಕಡೆ ಜನರಲ್ ಪ್ರಾಕ್ಟೀಸ್ ಮಾಡುವವನು. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ತೋರಿಸಿಕೊಂಡು ಬಂದವರು, ಮುಂದಿನ ತಾರೀಖು ಬರುವ ತನಕ ನನ್ನ ಹತ್ತಿರ ಬರುತ್ತಾರೆ. ಜ್ವರ ಬಂತು, ವಾಂತಿ ನಿಲ್ತಿಲ್ಲ, ಇಲ್ಲೇ ಬ್ಲಡ್ ಟೆಸ್ಟ್ ಮಾಡಿಸಿ ಅಂದಿದ್ದಾರೆ ಅಂತ. ಅವರ ಜೊತೆ ಕೂತು ಫೈಲ್ ಓದುವುದು ನನ್ನ ಕೆಲಸದ ಒಂದು ಭಾಗವೇ ಆಗಿಬಿಟ್ಟಿದೆ. ಆದ್ದರಿಂದ ಇವತ್ತು ಔಷಧಿಗಿಂತ ಜಾಸ್ತಿ, ಆ ನಡುವಿನ ದಿನಗಳ ಬಗ್ಗೆ ಮಾತಾಡುತ್ತೇನೆ.

ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಸ್ಕ್ಯಾನ್‌ನಲ್ಲಿ ಲಿವರ್ ಮೇಲೆ ಗಡ್ಡೆ ಕಂಡ ತಕ್ಷಣ ಮನೆಯವರು ಲಿವರ್ ಕ್ಯಾನ್ಸರ್ ಅಂದುಬಿಡುತ್ತಾರೆ. ಎಷ್ಟೋ ಸಲ ಅದು ಲಿವರ್‌ನಲ್ಲಿ ಹುಟ್ಟಿದ್ದೇ ಅಲ್ಲ. ದೊಡ್ಡ ಕರುಳಿನಿಂದ ಬಂದಿರಬಹುದು, ಸ್ತನದಿಂದ, ಶ್ವಾಸಕೋಶದಿಂದ, ಜಠರದಿಂದ, ಮೇದೋಜೀರಕ ಗ್ರಂಥಿಯಿಂದ ಬಂದಿರಬಹುದು. ಕರುಳಿನ ರಕ್ತವೆಲ್ಲ ಪೋರ್ಟಲ್ ಎಂಬ ದೊಡ್ಡ ರಕ್ತನಾಳ ಹಿಡಿದು ನೇರವಾಗಿ ಲಿವರ್‌ಗೇ ಹೋಗುತ್ತದೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯದು. ಕರುಳಿನ ಕ್ಯಾನ್ಸರ್ ಲಿವರ್‌ಗೇ ಬೇಗ ಹೋಗಿ ಕೂರುವುದು ಇದಕ್ಕೇ.

ಇಲ್ಲಿ ಭತ್ತ ಬೆಳೆಯುವವರು ಬಹಳ ಜನ ಇದ್ದೀರಿ. ಮೇಲಿನ ಹೊಲದ ಕಳೆಬೀಜ ಕಾಲುವೆ ನೀರಲ್ಲಿ ತೇಲಿಬಂದು ನಿಮ್ಮ ಗದ್ದೆಯಲ್ಲಿ ಮೊಳೆತರೆ, ಎಣ್ಣೆ ಹೊಡೆಯುವಾಗ ಯಾವ ಕಳೆ ಅಂತ ನೋಡುತ್ತೀರೋ, ಯಾರ ಗದ್ದೆ ಅಂತ ನೋಡುತ್ತೀರೋ? ಕರುಳಿನ ಕ್ಯಾನ್ಸರ್ ಲಿವರ್‌ಗೆ ಬಂದರೂ ಅದು ಕರುಳಿನ ಕ್ಯಾನ್ಸರೇ. ಔಷಧಿಯೂ ಕರುಳಿನ ಕ್ಯಾನ್ಸರಿನದ್ದೇ. ಸ್ತನದ ಕ್ಯಾನ್ಸರ್ ಆಗಿದ್ದರೆ ಹಾರ್ಮೋನ್ ಮಾತ್ರೆ, ಹರ್-2 ಎಂಬ ಪ್ರೋಟೀನ್ ಜಾಸ್ತಿ ಇದ್ದರೆ ಅದರ ಔಷಧಿ ಎಂಬ ದಾರಿಗಳೂ ಇರುತ್ತವೆ. ಹುಟ್ಟಿದ ಜಾಗ ಗೊತ್ತಾಗದೆ ಚಿಕಿತ್ಸೆ ಶುರು ಮಾಡುವುದು ಕಷ್ಟ. ಅದಕ್ಕೇ ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿ, ಅದರ ಮೇಲೆ ಐಎಚ್‌ಸಿ ಎಂಬ ಬಣ್ಣದ ಪರೀಕ್ಷೆ, ಕೆಲವು ಸಲ ಜೀನ್ ಪರೀಕ್ಷೆ. ಇವಕ್ಕೆ ದಿನ ಹಿಡಿಯುತ್ತದೆ. ಜೀನ್ ಪರೀಕ್ಷೆಗೆ ಎರಡು ವಾರವೂ ಹಿಡಿಯಬಹುದು.

ಇಲ್ಲಿಂದಲೇ ತಡದ ಸಂಕಟ ಶುರು. "ಏನ್ರೀ ಡಾಕ್ಟ್ರೇ, ಒಳಗ ಕ್ಯಾನ್ಸರ್ ಐತಂತ ಗೊತ್ತಾಗೇತಿ, ಆದ್ರೂ ಮುಂದಿನ ವಾರ ಬರ್ರಿ ಅಂತಾರ" ಅಂತ ಬರುತ್ತಾರೆ. ಮಗನಿಗೆ ರಾತ್ರಿ ನಿದ್ದೆ ಇಲ್ಲ. ಫೋನ್‌ನಲ್ಲಿ ಹುಡುಕಿ ಹುಡುಕಿ "ನಾಲ್ಕನೇ ಸ್ಟೇಜ್", ಅಂದರೆ ಬೇರೆ ಅಂಗಕ್ಕೆ ಹರಡಿದ ಹಂತ, ಅನ್ನುವ ಮಾತು ಸಿಕ್ಕಿರುತ್ತದೆ. ಅಲ್ಲಿಗೆ ಮನೆಯವರು ಎರಡರಲ್ಲಿ ಒಂದು ಮಾಡುತ್ತಾರೆ. ಕೈ ಚೆಲ್ಲಿ ಕೂತುಬಿಡುತ್ತಾರೆ, ಇಲ್ಲಾ ರಾತ್ರೋರಾತ್ರಿ ಕಾರು ಮಾಡಿಕೊಂಡು ಇನ್ನೊಂದು ಊರಿಗೆ ಓಡುತ್ತಾರೆ. ಎರಡನ್ನೂ ಬೇಡ ಅನ್ನುತ್ತೇನೆ ನಾನು.

ತಡ ಅಂದರೆ ಎಲ್ಲ ಒಂದೇ ಅಲ್ಲ. ಕೆಲವು ತಡ ಚಿಕಿತ್ಸೆಯೊಳಗೇ ಇರುತ್ತದೆ. ಕಿಮೋಗೆ ಹೋದ ದಿನ ಬಿಳಿ ರಕ್ತಕಣ ಕಡಿಮೆ ಬಂದಿದೆ, ಅದರಲ್ಲೇ ಒಂದು ಬಗೆಯಾದ ನ್ಯೂಟ್ರೋಫಿಲ್ 1,500ಕ್ಕಿಂತ ಕೆಳಗಿದೆ ಅಂದರೆ ಸಾಮಾನ್ಯವಾಗಿ ಒಂದು ವಾರ ಮುಂದಕ್ಕೆ ಹಾಕುತ್ತಾರೆ. ಹಟ ಮಾಡಿ ಅವತ್ತೇ ಹಾಕಿಸಿಕೊಂಡರೆ ಸೋಂಕು ತಗುಲಿ ಐಸಿಯು ಸೇರುವ ಭಯ. ಕರುಳಿನ ಆಪರೇಶನ್ ಆಗಿದ್ದರೆ ಗಾಯ ಮಾಯುವ ತನಕ ಕೆಲವು ವಾರ ಕಿಮೋ ಶುರು ಮಾಡುವುದಿಲ್ಲ. ಕಿಮೋ ಮುಗಿದು ಲಿವರ್ ಆಪರೇಶನ್‌ಗೆ ಹೋಗುವವರಿಗೆ ನಡುವೆ ಸುಮಾರು ನಾಲ್ಕು ವಾರ ಬಿಡುತ್ತಾರೆ. ಬೆವಾಸಿಜುಮ್ಯಾಬ್ ಎಂಬ ಔಷಧಿ ನಡೆಯುತ್ತಿದ್ದರೆ ಅದನ್ನು ಇನ್ನೂ ಮುಂಚೆ, ಆರು ವಾರದ ಹಿಂದೆಯೇ ನಿಲ್ಲಿಸುವುದು ರೂಢಿ. ಅದು ರಕ್ತಸ್ರಾವ ಮಾಡಿಸುತ್ತದೆ, ಗಾಯ ಬೇಗ ಮಾಯಲು ಬಿಡುವುದಿಲ್ಲ.

ಇನ್ನೊಂದು ತಡ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಲಿವರ್ ಮತ್ತೆ ಬೆಳೆಯುವ ಅಂಗ. ಆರೋಗ್ಯವಂತ ಲಿವರ್‌ನಲ್ಲಿ ನೂರಕ್ಕೆ ಎಪ್ಪತ್ತು ಭಾಗದಷ್ಟು ತೆಗೆದರೂ ಉಳಿದದ್ದು ಬೆಳೆದು ಕೆಲಸ ಮಾಡುತ್ತದೆ. ಆದರೆ ಉಳಿಯುವ ಭಾಗ ತೀರಾ ಸಣ್ಣದಾದರೆ ಆಪತ್ತು. ಆಗ ಗಡ್ಡೆ ಇರುವ ಭಾಗಕ್ಕೆ ಹೋಗುವ ಪೋರ್ಟಲ್ ಕವಲನ್ನು ಬೇಕಂತಲೇ ಮುಚ್ಚುತ್ತಾರೆ. ರಕ್ತ ಇನ್ನೊಂದು ಭಾಗಕ್ಕೆ ತಿರುಗಿ, ನಾಲ್ಕರಿಂದ ಆರು ವಾರದಲ್ಲಿ ಅದು ದಪ್ಪ ಆಗುತ್ತದೆ. ಹೊರಗಿನಿಂದ ನೋಡಿದವರಿಗೆ "ಸುಮ್ನೆ ಕಾಯಿಸ್ತಿದ್ದಾರೆ" ಅನ್ನಿಸುತ್ತದೆ. ಒಳಗೆ ಲಿವರ್ ಆಪರೇಶನ್‌ಗೆ ತಯಾರಾಗುತ್ತಿರುತ್ತದೆ.

ಹೀಗೆ ಕಾರಣ ಇರುವ ಕಾಯುವಿಕೆಯಿಂದ ಜಾಸ್ತಿ ಹಾನಿ ಇಲ್ಲ. ಇಂಥ ಹೆಚ್ಚಿನ ಗಡ್ಡೆಗಳು ವಾರಗಳ, ತಿಂಗಳುಗಳ ಲೆಕ್ಕದಲ್ಲಿ ಬೆಳೆಯುತ್ತವೆ. ಒಂದು ವಾರ ಕಿಮೋ ಮುಂದೆ ಹೋದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಸ್ಮಾಲ್ ಸೆಲ್ ಎಂಬ ಶ್ವಾಸಕೋಶದ ಕ್ಯಾನ್ಸರ್‌ನಂಥ ಕೆಲವು ಮಾತ್ರ ಬಹಳ ವೇಗ, ಅಲ್ಲಿ ದಿನಗಳೂ ಲೆಕ್ಕಕ್ಕೆ ಬರುತ್ತವೆ.

ನನಗೆ ಸಿಟ್ಟು ಬರುವುದು ಇನ್ನೊಂದು ಬಗೆಯ ತಡಕ್ಕೆ. ಫೈಲ್ ಎಲ್ಲೋ ಕೂತಿರುತ್ತದೆ. ಸರ್ಕಾರಿ ಆರೋಗ್ಯ ಯೋಜನೆಯ ಮಂಜೂರಾತಿ ಬಂದಿಲ್ಲ ಅಂತ ಒಬ್ಬರು, ರಿಪೋರ್ಟ್ ಬಂದಿಲ್ಲ ಅಂತ ಇನ್ನೊಬ್ಬರು. ಮಾನ್ವಿ ಕಡೆಯ ಒಬ್ಬ ಅಣ್ಣನ ಬಯಾಪ್ಸಿ ಒಂದು ಊರಿನ ಆಸ್ಪತ್ರೆಯಲ್ಲಿ ಆಗಿತ್ತು, ಚಿಕಿತ್ಸೆ ಇನ್ನೊಂದು ಊರಲ್ಲಿ. ಬಯಾಪ್ಸಿ ಚೂರನ್ನು ಮೇಣದಲ್ಲಿಟ್ಟ ಬ್ಲಾಕ್ ಕಳಿಸಿ ಅಂತ ಇವರು, ನಮ್ಮಲ್ಲಿಲ್ಲ ಅಂತ ಅವರು. ಮನೆಯವರು ಮಾತ್ರ ದೊಡ್ಡ ಡಾಕ್ಟರ್ ಏನೋ ಯೋಚನೆ ಮಾಡುತ್ತಿದ್ದಾರೆ ಅಂದುಕೊಂಡು ಕಾಯುತ್ತಿದ್ದರು. ಯಾರೂ ಯೋಚನೆ ಮಾಡುತ್ತಿರಲಿಲ್ಲ! ಕೊನೆಗೆ ಅಳಿಯ ಹೋಗಿ ಲ್ಯಾಬ್‌ನಲ್ಲಿ ಕೂತ. ಮಧ್ಯಾಹ್ನದ ಹೊತ್ತಿಗೆ ಬ್ಲಾಕ್ ಕೈಗೆ ಬಂತು.

ಮೂರನೆಯದು ನಮ್ಮ ಮನೆಗಳದ್ದೇ. ಭತ್ತದ ಕೊಯ್ಲು ಮುಗೀಲಿ, ಮಗಳ ಮದುವೆ ಆಗಲಿ, ಅಮಾವಾಸ್ಯೆ ಕಳೀಲಿ. ಹೊಲ ಕಾಯುವವರಿಲ್ಲದ ಮನೆಯ ಕಷ್ಟ ನನಗೂ ಗೊತ್ತು. ಬೈಯುವುದಿಲ್ಲ. ಆದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, "ಸರ್, ಕೊಯ್ಲು ಇದೆ, ಎರಡು ವಾರ ತಡ ಆದ್ರೆ ಏನಾಗುತ್ತೆ?" ಅಂತ. ಕೆಲವು ಸಲ ಆಗಲಿ ಅನ್ನುತ್ತಾರೆ, ಕೆಲವು ಸಲ ಖಡಕ್ಕಾಗಿ ಬೇಡ ಅನ್ನುತ್ತಾರೆ. ಹೇಳದೆ ತಪ್ಪಿಸಿಕೊಂಡರೆ ಅವರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

"ಮುಂದಿನ ವಾರ ಬನ್ನಿ" ಅಂದಾಗ ಅಲ್ಲೇ ನಿಂತು ಕೇಳಿ. ಈಗ ಯಾವುದಕ್ಕಾಗಿ ಕಾಯುತ್ತಿದ್ದೇವೆ? ಅದನ್ನು ತರಬೇಕಾದವರು ಯಾರು, ನಾವೋ ನೀವೋ? ಆ ದಿನಕ್ಕೂ ಬರದಿದ್ದರೆ ಯಾರಿಗೆ ಫೋನ್ ಮಾಡಲಿ? ಉತ್ತರವನ್ನು ಫೈಲ್ ಹಿಂದೆ ತಾರೀಖು ಹಾಕಿ ಬರೆದುಕೊಳ್ಳಿ. ಉತ್ತರ ಸಿಕ್ಕರೆ ಕಾಯುವುದು ಅರ್ಧ ಹಗುರ ಆಗುತ್ತದೆ. ಸಿಗದಿದ್ದರೆ, ಅದು ಫೈಲ್ ಕೂತಿರುವ ತಡ ಅಂತ ತಿಳಿದು ಓಡಾಡಿ.

ಕಾಯಲೇಬಾರದ ವಿಷಯಗಳೂ ಇವೆ. ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿತು ಅಂದರೆ ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ಮಾತ್ರೆ ನುಂಗಿ ಬೆಳಗಾಗಲಿ ಅನ್ನಬೇಡಿ. ಕಪ್ಪು ಮಲ, ರಕ್ತ ವಾಂತಿ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿರುವುದು, ಮಾತು ತೊದಲುವುದು, ಹಗಲು ರಾತ್ರಿ ತಿಳಿಯದಂತಾಗುವುದು ಎಲ್ಲ ಅದೇ ಲೆಕ್ಕ. ನಮ್ಮ ಬೇಸಿಗೆಯಲ್ಲಿ ಇನ್ನೊಂದು ಸೇರಿಸಿ. ಕ್ಯಾಪೆಸಿಟಾಬಿನ್ ಮಾತ್ರೆ ಅಥವಾ ಇರಿನೋಟೆಕಾನ್ ಎಂಬ ಕಿಮೋ ಔಷಧಿ ತೆಗೆದುಕೊಳ್ಳುವವರಿಗೆ ಭೇದಿ ಹಿಡಿದರೆ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಒಂದೇ ದಿನದಲ್ಲಿ ಮನುಷ್ಯ ನಿತ್ರಾಣ ಆಗುತ್ತಾನೆ. ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಅಂತ ಅವತ್ತೇ ಫೋನ್ ಮಾಡಿ ಕೇಳಿ.

ಕಾಮಣಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಣ್ಣು ಹಳದಿ ಆದರೆ ನಮ್ಮಲ್ಲಿ ಮೊದಲು ಹೋಗುವುದು ಕಾಮಣಿ ಔಷಧಿ ಕೊಡುವವರ ಹತ್ತಿರ. ಸೊಪ್ಪಿನ ರಸ, ಉಪ್ಪು ಖಾರ ಇಲ್ಲದ ಪಥ್ಯ. ವೈರಸ್‌ನಿಂದ ಬಂದ ಕಾಮಣಿ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಹೋಗುತ್ತದೆ. ಆದರೆ ಲಿವರ್‌ಗೆ ಕ್ಯಾನ್ಸರ್ ಹರಡಿದವರಲ್ಲಿ ಕಾಮಣಿ ಬಂದರೆ ಪಿತ್ತನಾಳ ಒತ್ತಿಹೋಗಿರಬಹುದು. ಅದನ್ನು ಎಂಡೋಸ್ಕೋಪಿಯಿಂದ, ಅಥವಾ ಹೊರಗಿನಿಂದ ಸೂಜಿ ಹಾಕಿ, ಒಂದು ಸ್ಟೆಂಟ್ ಇಟ್ಟು ತೆರೆಯಬಹುದು. ತೆರೆದರೆ ಕಣ್ಣು ಹಳದಿ ಮಾಡುವ ಬಿಲಿರುಬಿನ್ ಇಳಿಯುತ್ತದೆ, ಇಳಿದರೆ ಕಿಮೋ ಕೊಡಬಹುದು. ಸೊಪ್ಪಿನ ರಸ ಕುಡಿದು ಮೂರು ವಾರ ಕಳೆದರೆ ಆ ಬಾಗಿಲೇ ಮುಚ್ಚಿಹೋಗಬಹುದು. ಕಣ್ಣು ಹಳದಿ ಕಂಡ ದಿನವೇ ರಕ್ತ ಪರೀಕ್ಷೆ, ಆಮೇಲೆ ಸ್ಕ್ಯಾನ್. ಇದು ಸಿಂಧನೂರಲ್ಲೂ ಆಗುತ್ತದೆ, ಗಂಗಾವತಿಯಲ್ಲೂ ಆಗುತ್ತದೆ.

ಪಥ್ಯದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಲಿವರ್ ಅಂದ ಕೂಡಲೇ ಮೊಟ್ಟೆ, ಬೇಳೆ, ಎಣ್ಣೆ ಎಲ್ಲ ನಿಲ್ಲಿಸಿ ಬರೀ ಗಂಜಿ ಕುಡಿಸುವ ಮನೆಗಳಿವೆ. ಹರಡಿದ ಕ್ಯಾನ್ಸರ್‌ನಲ್ಲಿ ಲಿವರ್ ಬಹಳ ಕಾಲ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಡಾಕ್ಟರ್ ಬೇಡ ಅನ್ನದಿದ್ದರೆ ಎಲ್ಲವನ್ನೂ ತಿನ್ನಲಿ. ಕಾಯುವ ದಿನಗಳಲ್ಲಿ ತೂಕ ಇಳಿಯದಂತೆ ನೋಡಿಕೊಂಡರೆ ಮುಂದಿನ ಚಿಕಿತ್ಸೆ ತಡೆದುಕೊಳ್ಳಲು ಅದೇ ಆಸರೆ. ಕುಡಿತ ಮಾತ್ರ ಪೂರ್ತಿ ಬಿಡಬೇಕು.

ಈಗ ಎರಡನೇ ಅಭಿಪ್ರಾಯ. ನಮ್ಮಲ್ಲಿ ಎರಡನೇ ಅಭಿಪ್ರಾಯ ಅಂದರೆ ಪೇಶಂಟನ್ನು ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಇನ್ನೊಂದು ಊರಿಗೆ ಹೋಗುವುದು. ಅಲ್ಲಿ ಮತ್ತೆ ಅದೇ ಸ್ಕ್ಯಾನ್, ಅದೇ ರಕ್ತ, ಅದೇ ಕ್ಯೂ. ಅಲ್ಲಿಯ ಡಾಕ್ಟರ್ ಏನು ಕೇಳಲು ಬಂದಿರಿ ಅಂದರೆ, "ನೋಡ್ರಿ ಸಾಹೇಬ್ರ, ಏನಾದ್ರೂ ಮಾಡ್ರಿ" ಅನ್ನುತ್ತೇವೆ. ಅದಕ್ಕೆ ಯಾರು ಏನು ಉತ್ತರ ಕೊಡಲಿ? ಒಂದು ಪ್ರಶ್ನೆ ಹಿಡಿದು ಹೋಗಬೇಕು.

ಕರುಳಿನಿಂದ ಲಿವರ್‌ಗೆ ಬಂದವರಿಗೆ ಆ ಪ್ರಶ್ನೆ ಇದು: ಈ ಲಿವರ್‌ನ ಗಡ್ಡೆಗಳನ್ನು ಆಪರೇಶನ್ ಮಾಡಿ ತೆಗೆಯಬಹುದೇ? ಈಗ ಆಗದಿದ್ದರೆ, ಕಿಮೋ ಕೊಟ್ಟು ಕುಗ್ಗಿಸಿದ ಮೇಲೆ ಆಗುತ್ತದೆಯೇ? ನಾಲ್ಕನೇ ಸ್ಟೇಜ್ ಆದರೂ ಇಲ್ಲಿ ದಾರಿ ಇದೆ. ಲಿವರ್‌ನ ಗಡ್ಡೆಗಳನ್ನು ಪೂರ್ತಿ ತೆಗೆಯಲು ಸಾಧ್ಯವಾದವರಲ್ಲಿ ಹತ್ತಕ್ಕೆ ನಾಲ್ವರ ಆಸುಪಾಸು ಐದು ವರ್ಷ ದಾಟುತ್ತಾರೆ. ಎಲ್ಲರಿಗೂ ಆಪರೇಶನ್ ಆಗುವುದಿಲ್ಲ, ಮೊದಲ ಸಲ ನೋಡಿದಾಗ ಐವರಲ್ಲಿ ಒಬ್ಬರಿಗೆ ಆದರೆ ಹೆಚ್ಚು. ಸಣ್ಣ ಗಡ್ಡೆ, ಮೂರು ಸೆಂಟಿಮೀಟರ್ ಒಳಗಿದ್ದರೆ, ಸೂಜಿ ಚುಚ್ಚಿ ಬಿಸಿಯಿಂದ ಸುಡುವ ಅಬ್ಲೇಶನ್ ಕೂಡ ಇದೆ.

ಆಗುತ್ತೋ ಇಲ್ಲವೋ ಅಂತ ಹೇಳಬೇಕಾದವರು ಯಾರು? ದಿನಾ ಲಿವರ್ ಆಪರೇಶನ್ ಮಾಡುವ ಸರ್ಜನ್. ಕಿಮೋ ಕೊಡುವ ಡಾಕ್ಟರ್ ಎಷ್ಟೇ ಒಳ್ಳೆಯವರಾದರೂ, "ಇದು ತೆಗೆಯಲಾಗದ್ದು" ಎಂಬ ಮಾತನ್ನು ಒಬ್ಬ ಲಿವರ್ ಸರ್ಜನ್ ಸ್ಕ್ಯಾನ್ ನೋಡಿ ಹೇಳಬೇಕು. ನನ್ನ ಪ್ರಕಾರ ಎರಡನೇ ಅಭಿಪ್ರಾಯಕ್ಕೆ ಖರ್ಚು ಮಾಡುವ ಮೊದಲ ರೂಪಾಯಿ ಇಲ್ಲಿಗೇ ಹೋಗಬೇಕು.

ಯಾವಾಗ ಕೇಳಬೇಕು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಹನ್ನೆರಡು ಸೈಕಲ್, ಅಂದರೆ ಹನ್ನೆರಡು ಸುತ್ತು, ಕಿಮೋ ಮುಗಿಸಿ, ಆಮೇಲೆ ಯಾರಿಗಾದರೂ ತೋರಿಸೋಣ ಅನ್ನುತ್ತಾರೆ. ಅಷ್ಟರಲ್ಲಿ ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧಿ ಲಿವರ್‌ನ ಸಣ್ಣ ರಕ್ತನಾಳಗಳನ್ನು ಕೆಡಿಸಿರುತ್ತದೆ, ಇರಿನೋಟೆಕಾನ್ ಕೊಬ್ಬು ತುಂಬಿಸಿರುತ್ತದೆ. ಕತ್ತರಿಸಿದ ಮೇಲೆ ಉಳಿಯುವ ಭಾಗ ಬಲವಾಗಿರುವುದಿಲ್ಲ. ಇನ್ನೊಂದು ವಿಚಿತ್ರ ಇದೆ. ಸಣ್ಣ ಗಡ್ಡೆಗಳು ಸ್ಕ್ಯಾನ್‌ನಲ್ಲಿ ಮಾಯವಾಗಿರುತ್ತವೆ. ಮನೆಯವರು ಸಿಹಿ ಹಂಚುತ್ತಾರೆ. ಸರ್ಜನ್ ತಲೆ ಕೆರೆದುಕೊಳ್ಳುತ್ತಾರೆ. ಕಾಣುವುದಿಲ್ಲ ಅಷ್ಟೇ, ಜೀವಕೋಶ ಅಲ್ಲೇ ಉಳಿದಿರುವುದು ಜಾಸ್ತಿ. ಎಲ್ಲಿ ಕತ್ತರಿಸುವುದು? ಅದಕ್ಕೇ ಕಿಮೋ ಶುರುವಾಗುವ ಮೊದಲು ಒಮ್ಮೆ, ಎರಡು ಮೂರು ತಿಂಗಳ ನಂತರ ಸ್ಕ್ಯಾನ್ ಆದಾಗ ಇನ್ನೊಮ್ಮೆ ಸರ್ಜನ್ ನೋಡಲಿ. ಲಿವರ್‌ನ ಗಡ್ಡೆಗೆ ಸೂಜಿ ಹಾಕಿ ಬಯಾಪ್ಸಿ ಮಾಡುವ ಮುಂಚೆಯೂ ಬೇಕೇ ಅಂತ ಕೇಳಿ. ಕರುಳಿನ ಗಡ್ಡೆಯ ಬಯಾಪ್ಸಿ ಆಗಿದ್ದು, ಲಿವರ್ ಆಪರೇಶನ್ ಸಾಧ್ಯ ಅನ್ನಿಸಿದವರಲ್ಲಿ ಸೂಜಿ ಹಾದಿಯಲ್ಲಿ ಕ್ಯಾನ್ಸರ್ ಹರಡುವ ಅಂಜಿಕೆಯಿಂದ ಅದನ್ನು ಬಿಡುವುದುಂಟು. ಎಲ್ಲಿಂದ ಬಂತು ಅಂತ ಗೊತ್ತೇ ಇಲ್ಲದವರಿಗೆ ಮಾತ್ರ ಬಯಾಪ್ಸಿ ಬೇಕೇ ಬೇಕು.

ಕರುಳಿನದ್ದಲ್ಲದವರಿಗೆ ಪ್ರಶ್ನೆ ಬೇರೆ. ಅಲ್ಲಿ ನಾನು ಮೊದಲು ಕೇಳುವುದು, ಬಯಾಪ್ಸಿ ಚೂರಿನ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್ (ಅದನ್ನು ಸೂಕ್ಷ್ಮದರ್ಶಕದಲ್ಲಿ ಓದುವ ಡಾಕ್ಟರ್) ನೋಡಿದ್ದಾರಾ ಅಂತ. ಹಾರ್ಮೋನ್ ಮಾಡುವ ಜೀವಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಎಂಬ ಬಗೆ ಇದೆ. ಕೆಲವರಲ್ಲಿ ಲಿವರ್ ತುಂಬಾ ಗಡ್ಡೆ ಇದ್ದರೂ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಅದರ ಇಂಜೆಕ್ಷನ್ ಬೇರೆ, ಸ್ಕ್ಯಾನ್ ಬೇರೆ, ಲುಟೇಶಿಯಂ ಎಂಬ ವಿಕಿರಣ ಔಷಧಿ ಬೇರೆ. ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಇನ್ನೊಂದಕ್ಕೆ ಇಮಾಟಿನಿಬ್ ಮಾತ್ರೆ ಇದೆ. ಸ್ತನದಿಂದ ಬಂದಿದ್ದರೆ, ಮೊದಲಿನ ಗಡ್ಡೆಯಲ್ಲಿದ್ದ ಹಾರ್ಮೋನ್ ಗುಣ ಲಿವರ್‌ಗೆ ಬಂದ ಗಡ್ಡೆಯಲ್ಲಿ ಬದಲಾಗಿರಬಹುದು, ಮತ್ತೆ ಪರೀಕ್ಷೆ ಮಾಡಬೇಕಾಗುತ್ತದೆ. ಸ್ಲೈಡ್ ಓದಿದ್ದು ತಪ್ಪಾದರೆ ಮುಂದಿನದೆಲ್ಲ ತಪ್ಪು.

ಈಗ ಫೈಲ್‌ಗೆ ಬರೋಣ. ನನ್ನ ಟೇಬಲ್ ಮೇಲೆ ಬರುವ ಫೈಲ್ ಹೇಗಿರುತ್ತದೆ ಗೊತ್ತಾ? ಬಟ್ಟೆ ಅಂಗಡಿಯ ಕ್ಯಾರಿಬ್ಯಾಗ್. ಒಳಗೆ ಮಡಚಿ ಮಡಚಿ ಹರಿದ ರಿಪೋರ್ಟು, ಮೆಡಿಕಲ್ ಶಾಪ್ ಬಿಲ್ಲು, ಹೋದ ವರ್ಷದ ಮಂಡಿನೋವಿನ ಎಕ್ಸ್‌ರೇ, ರೇಷನ್ ಕಾರ್ಡ್ ಝೆರಾಕ್ಸು, ಗೀರು ಬಿದ್ದ ಒಂದು ಸಿಡಿ. ಸ್ಕ್ಯಾನ್ ರಿಪೋರ್ಟಿನ ಮೊದಲ ಹಾಳೆ ಇರುತ್ತದೆ, ಎರಡನೆಯದು ಇರುವುದಿಲ್ಲ. ಗಡ್ಡೆ ಎಷ್ಟು, ಎಲ್ಲಿ ಅಂತ ಬರೆದದ್ದು ಆ ಎರಡನೆಯದರಲ್ಲೇ.

ಬೇಕಾದದ್ದು ಜಾಸ್ತಿ ಏನಿಲ್ಲ. ಸ್ಕ್ಯಾನಿನ ಸಿಡಿ ಅಥವಾ ಪೆನ್‌ಡ್ರೈವ್, ಏಕೆಂದರೆ ಸರ್ಜನ್ ಚಿತ್ರ ನೋಡಬೇಕು. ಫಿಲ್ಮಿನ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಅದರಲ್ಲಿ ಏನೂ ತಿಳಿಯುವುದಿಲ್ಲ. ಬಯಾಪ್ಸಿ ಮತ್ತು ಐಎಚ್‌ಸಿ ರಿಪೋರ್ಟ್. ಆಪರೇಶನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ. ಯಾವ ಕಿಮೋ, ಎಷ್ಟು ಡೋಸ್, ಯಾವ ತಾರೀಖು. ಸಿಇಎ ಎಂಬ ಕ್ಯಾನ್ಸರ್ ಸೂಚಕದ ರಕ್ತ ಪರೀಕ್ಷೆ ಮಾಡಿಸಿದ್ದರೆ ಅದರ ಅಂಕಿಗಳು ಸಾಲಾಗಿ. ಎಲ್ಲದರ ಮೇಲೆ ಒಂದೇ ಹಾಳೆ: ವಯಸ್ಸು, ಬೇರೆ ಕಾಯಿಲೆ, ಈಗ ಎದ್ದು ಓಡಾಡುತ್ತಾರೋ ಇಲ್ಲವೋ, ಮತ್ತು ನಿಮ್ಮ ಆ ಒಂದು ಪ್ರಶ್ನೆ. ಓದಿದ ಮಕ್ಕಳು ಮನೆಯಲ್ಲಿದ್ದರೆ ಈ ಹಾಳೆ ಬರೆಯುವ ಕೆಲಸ ಅವರಿಗೆ ಕೊಡಿ. ಬರೆಯುವವರಿಲ್ಲದಿದ್ದರೆ ನನ್ನಂಥ ಊರ ಡಾಕ್ಟರ್ ಬರೆದುಕೊಡುತ್ತಾರೆ, ಕೇಳಿ.

ಬ್ಲಾಕ್ ಅಂದೆನಲ್ಲ, ಹೇಗಿರುತ್ತದೆ ಅಂತ ನೋಡಿದವರು ಕಡಿಮೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು. ಅದರ ಮೇಲೆ ಬಿಳಿ ಮೇಣ. ಮೇಣದೊಳಗೆ ಕಂದು ಬಣ್ಣದ ಎಳೆಯಷ್ಟು ಚೂರು, ಅದೇ ನಿಮ್ಮ ಅಪ್ಪನ ಗಡ್ಡೆಯ ತುಣುಕು. ಅಂಚಿನಲ್ಲಿ ಒಂದು ನಂಬರ್. ರಿಪೋರ್ಟಿನಲ್ಲಿರುವ ಬಯಾಪ್ಸಿ ನಂಬರಿಗೂ ಇದಕ್ಕೂ ತಾಳೆ ನೋಡಿಯೇ ಸಹಿ ಮಾಡಿ ತೆಗೆದುಕೊಳ್ಳಿ. ಎಲ್ಲ ಹೊಸ ಪರೀಕ್ಷೆಯೂ ಈ ಚೂರಿನಿಂದಲೇ ಆಗಬೇಕು. ಕಳೆದರೆ ಮತ್ತೆ ಸೂಜಿ. ಮೇಣ ಆದ್ದರಿಂದ ನಮ್ಮ ಬಿಸಿಲಲ್ಲಿ ನಿಂತ ಕಾರಿನೊಳಗೋ ಬೈಕ್ ಡಿಕ್ಕಿಯಲ್ಲೋ ಬಿಡಬೇಡಿ. ಸಣ್ಣ ಡಬ್ಬಿಗೆ ಹತ್ತಿ ಇಟ್ಟು ಕೈಚೀಲದಲ್ಲಿ ಒಯ್ಯಿರಿ.

ಫೈಲ್ ಹೀಗೆ ತಯಾರಾದರೆ ಪೇಶಂಟ್ ಮನೆಯಲ್ಲೇ ಇರಲಿ, ಫೈಲ್ ಮೊದಲು ಹೋಗಲಿ. ಮಗನೋ ಅಳಿಯನೋ ಹೋಗಿ ತೋರಿಸಬಹುದು. ಮುಂಚೆ ಫೋನ್ ಮಾಡಿ, ಪೇಶಂಟ್ ಇಲ್ಲದೆ ನೋಡುತ್ತಾರಾ ಅಂತ ಕೇಳಿಕೊಳ್ಳಿ. ಮುಂಬಯಿಯ ಟಾಟಾ ಮೆಮೋರಿಯಲ್ 1941ರಿಂದ ನಡೆಯುತ್ತಿರುವ ಆಸ್ಪತ್ರೆ. ಅಲ್ಲಿಯ ತಜ್ಞರ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಕ್ಯಾನ್ಸರ್ ಆಸ್ಪತ್ರೆಗಳ ಜಾಲದ ಅಭಿಪ್ರಾಯ ಆನ್‌ಲೈನ್‌ನಲ್ಲಿ ಕೊಡಿಸುವ ನವ್ಯಾ ಎಂಬ ಸೇವೆ ಇದೆ. ರಿಪೋರ್ಟುಗಳನ್ನು ಹಾಕಿದರೆ ಬರಹದಲ್ಲಿ ಉತ್ತರ ಬರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಕಡೆಯವರು ಮೊದಲಿಂದ ಹೋಗುತ್ತಲೇ ಇದ್ದಾರೆ, ಕಲಬುರಗಿಯಲ್ಲಿ ಅದರ ಶಾಖೆಯೂ ಇದೆ. ಹೈದರಾಬಾದಿನ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ರಾಯಚೂರಿಗೆ ಹತ್ತಿರ. ರಾಯಚೂರಿಗೆ ಏಮ್ಸ್ ಬೇಕು ಅಂತ ಜನ 2022ರಿಂದ ಹೋರಾಟಕ್ಕೆ ಕೂತದ್ದು ಸುಮ್ನೆ ಅಲ್ಲ, ಅಲ್ವಾ? ಇಂಥ ಒಂದು ಪ್ರಶ್ನೆ ಕೇಳಲಿಕ್ಕೂ ನಾವು ಜಿಲ್ಲೆ ದಾಟಬೇಕಾಗಿದೆ.

ಹೋಗಲೇಬೇಕಾದರೆ ಉದ್ಯಾನ್ ಎಕ್ಸ್‌ಪ್ರೆಸ್ ನಮಗೊಂದು ಅನುಕೂಲ. ರಾಯಚೂರಲ್ಲಿ ಹತ್ತಿದರೆ ಒಂದು ಕಡೆ ಮುಂಬಯಿ, ಇನ್ನೊಂದು ಕಡೆ ಬೆಂಗಳೂರು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ರೈಲ್ವೆ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ 75% ರಿಯಾಯಿತಿ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಬರೆಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಟ್ಟು ಹೋಗಿ ಬರುವವರು ಬಹಳ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30%, ವರ್ಷಕ್ಕೆ 1.5 ಲಕ್ಷದ ಮಿತಿ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಹೊರರೋಗಿಯಾಗಿ ಅಭಿಪ್ರಾಯ ಕೇಳುವ ಖರ್ಚು ಇದರಲ್ಲಿ ಬರುವುದಿಲ್ಲ, ಅದು ಕೈಯಿಂದಲೇ. ಇನ್ನೊಂದು ಊರಿಗೆ ಚಿಕಿತ್ಸೆ ಬದಲಾಯಿಸುವ ಮುಂಚೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯಾ ಅಂತ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಕೇಳಿ. ರಾಜ್ಯದ ಗಡಿ ದಾಟುವಾಗಂತೂ ಕೇಳಲೇಬೇಕು.

ಎರಡನೇ ಅಭಿಪ್ರಾಯ ಕೇಳುವಾಗ ನಡೆಯುತ್ತಿರುವ ಕಿಮೋ ನಿಲ್ಲಿಸಬೇಡಿ. ಹೊಸ ಡಾಕ್ಟರ್ ಹೇಳುವ ತನಕ ಹಳೆಯ ತಾರೀಖು ತಪ್ಪಿಸಬೇಡಿ. ಇನ್ನೂ ಶುರುವಾಗಿಲ್ಲದಿದ್ದರೆ, "ಎರಡು ವಾರ ಟೈಮ್ ತಗೊಂಡ್ರೆ ತೊಂದ್ರೆ ಇದೆಯಾ?" ಅಂತ ಮೊದಲ ಡಾಕ್ಟರನ್ನೇ ಕೇಳಿ. ಇಬ್ಬರು ಬೇರೆ ಬೇರೆ ಹೇಳಿದರೆ ನಮ್ಮ ಜನ ಮೂರನೆಯವರ ಹತ್ತಿರ ಹೋಗಿ ಓಟು ಎಣಿಸುತ್ತಾರೆ. ಅದಕ್ಕಿಂತ, ಒಬ್ಬರ ಮಾತನ್ನು ಇನ್ನೊಬ್ಬರ ಮುಂದಿಟ್ಟು ಯಾಕೆ ಹೀಗೆ ಅಂತ ಕೇಳುವುದು ಒಳ್ಳೆಯದು. ಎಷ್ಟೋ ಸಲ ಒಬ್ಬರು ನೋಡಿದ ಸ್ಕ್ಯಾನ್ ಹಳೆಯದಾಗಿರುತ್ತದೆ, ಅಷ್ಟೇ. ದೊಡ್ಡ ಆಸ್ಪತ್ರೆಗಳಲ್ಲಿ ಟ್ಯೂಮರ್ ಬೋರ್ಡ್ ಇರುತ್ತದೆ. ಸರ್ಜನ್, ಕಿಮೋ ಡಾಕ್ಟರ್, ರೇಡಿಯಾಲಜಿಸ್ಟ್ ಎಲ್ಲ ಒಟ್ಟಿಗೆ ಕೂತು ಒಂದೊಂದು ಕೇಸ್ ನೋಡುತ್ತಾರೆ. ನಮ್ಮ ಕೇಸ್ ಅಲ್ಲಿ ಇಡಿ ಅಂತ ಕೇಳಿ.

ಇಷ್ಟು ನನ್ನ ಮಾತು. ಆಮೇಲೆ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನು ಇಲ್ಲೇ ಸೇರಿಸಿದ್ದೇನೆ.

ಒಬ್ಬ ತಾಯಿ ಕೇಳಿದರು, "ಬ್ಯಾರೆ ಕಡೆ ತೋರಸ್ತೀವಿ ಅಂದ್ರ ದೊಡ್ಡ ಡಾಕ್ಟ್ರು ಸಿಟ್ಟಾಗಂಗಿಲ್ಲೇನ್ರಿ?" ಕೆಲವರು ಆಗಬಹುದು ಅವ್ವಾ. ಬಹಳ ಜನ ಆಗುವುದಿಲ್ಲ. "ಮನೆಯವರ ಸಮಾಧಾನಕ್ಕೆ ಒಮ್ಮೆ ಕೇಳ್ತೀವಿ ಸರ್, ಸಿಡಿ, ಬ್ಲಾಕ್ ಕೊಡಿಸಿ" ಅಂದರೆ ಸಾಕು. ಕದ್ದು ಹೋಗಿ ಬಂದರೆ ಎರಡೂ ಕಡೆ ಅರ್ಧ ಅರ್ಧ ಮಾಹಿತಿ ಉಳಿಯುತ್ತದೆ, ಅದೇ ಅಪಾಯ.

ಒಬ್ಬ ಯುವಕ, ಲಿವರನ್ನೇ ಬದಲಾಯಿಸಬಹುದಲ್ಲ ಅಂದ. ಕರುಳಿನಿಂದ ಹರಡಿದವರಲ್ಲಿ ಈ ಪ್ರಯೋಗ ನಡೆದಿದೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಟ್ರಾನ್ಸ್‌ಮೆಟ್ ಅಧ್ಯಯನದಲ್ಲಿ 94 ಜನ ಇದ್ದರು. ಕಿಮೋ ಜೊತೆ ಲಿವರ್ ಕಸಿಗೆ ಆಯ್ಕೆಯಾದವರಲ್ಲಿ ಸುಮಾರು 57% ಐದು ವರ್ಷ ದಾಟಿದರು, ಬರೀ ಕಿಮೋ ಪಡೆದವರಲ್ಲಿ 13%. ಆದರೆ ಅವರನ್ನು ಜರಡಿ ಹಿಡಿದು ಆರಿಸಿದ್ದರು. ಕ್ಯಾನ್ಸರ್ ಲಿವರ್ ಬಿಟ್ಟು ಬೇರೆಲ್ಲೂ ಇರಬಾರದು, ಆಪರೇಶನ್‌ಗೆ ಆಗದಂತಿರಬೇಕು, ಕಿಮೋಗೆ ಬಹಳ ಚೆನ್ನಾಗಿ ಬಗ್ಗಿರಬೇಕು. ನೂರರಲ್ಲಿ ಕೆಲವೇ ಕೆಲವರಿಗೆ ಹೊಂದುವ ಮಾತು. ಯಾರಾದರೂ ಎಲ್ಲರಿಗೂ ಆಗುತ್ತೆ ಅಂದರೆ ಹುಷಾರಾಗಿರಿ.

"ಅಪ್ಪಗ ಹೇಳಿಲ್ರಿ, ಹುಣ್ಣು ಅಂದೀವಿ" ಅಂದವರು ಒಬ್ಬರಲ್ಲ. ನಾನು ಜಗಳ ಆಡುವುದಿಲ್ಲ. ಆದರೆ ಕಿಮೋ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರಿಂದಲೇ ಅವರಿಗೆ ಗೊತ್ತಾಗಿರುತ್ತದೆ, ನಿಮಗೆ ನೋವಾಗುತ್ತೆ ಅಂತ ಅವರೂ ಸುಮ್ಮನಿರುತ್ತಾರೆ. "ನಿಮಗೆ ಎಷ್ಟು ತಿಳ್ಕೋಬೇಕು ಅನ್ಸುತ್ತೆ?" ಅಂತ ಒಮ್ಮೆ ಕೇಳಿ ನೋಡಿ. ಆಪರೇಶನ್ ಬೇಕೋ ಬೇಡವೋ ಅನ್ನುವ ಮಾತಲ್ಲಿ ಹೊಟ್ಟೆ ಅವರದು.

ಕೊನೆಗೆ ಒಬ್ಬ ಹಿರಿಯರು ಎದ್ದು ನಿಂತರು. "ಇಬ್ರೂ ಏನೂ ಮಾಡಾಕ ಆಗಂಗಿಲ್ಲ ಅಂದ್ರ, ಆಗ ಏನ್ ಮಾಡೋದ್ರಿ?" ಆಗ ನೋವಿನ ಬಗ್ಗೆ ಕೇಳಿ ಅಂದೆ. ಲಿವರ್ ಹಿಗ್ಗಿ ಬಲಪಕ್ಕೆ ನೋಯುತ್ತಿದ್ದರೆ ಅದಕ್ಕೆ ಔಷಧಿ ಇದೆ. ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಮಾತ್ರೆ ದುಬಾರಿಯಲ್ಲ. 2014ರಲ್ಲಿ ಕಾನೂನು ತಿದ್ದುಪಡಿ ಮಾಡಿ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಅದನ್ನು ಇಡುವುದು ಸುಲಭ ಮಾಡಿದ್ದಾರೆ. ಕ್ಯಾನ್ಸರ್ ಆಸ್ಪತ್ರೆಯಿಂದ ಹೊರಡುವ ದಿನವೇ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ವಿಭಾಗಕ್ಕೆ ಹೋಗಿ, ಮುಂದಿನ ಭೇಟಿಯ ತನಕ ಆಗುವಷ್ಟು ಬರೆಸಿಕೊಳ್ಳಿ, ಏಕೆಂದರೆ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮಾರ್ಫಿನ್ ಶುರುವಾದರೆ ಮಲ ಕಟ್ಟುತ್ತದೆ, ಅದಕ್ಕೂ ಔಷಧಿ ಅದೇ ಚೀಟಿಯಲ್ಲಿ ಬರೆದಿದ್ದಾರಾ ನೋಡಿಕೊಳ್ಳಿ. ಆ ಚೀಟಿಯ ಒಂದು ಝೆರಾಕ್ಸ್ ನನ್ನಂಥ ಊರ ಡಾಕ್ಟರ್ ಹತ್ತಿರ ಇರಲಿ, ರಾತ್ರಿ ನೋವು ಜಾಸ್ತಿ ಆದರೆ ಎಷ್ಟು ಮಾತ್ರೆ ಏರಿಸಬಹುದು ಅಂತ ಅವರು ಅಲ್ಲಿಗೆ ಫೋನ್ ಮಾಡಿ ಕೇಳುತ್ತಾರೆ.